ಹೊಗೆ ಆರಿದ ಮೇಲಿನ ಕೆಲಸ

ಜೂನ್ ಎರಡನೇ ವಾರ ಕಳೆಯಿತೆಂದರೆ ಮಂಗಳೂರಿನ ದೇರೆಬೈಲಿನ ಮನೆಗಳಲ್ಲಿ ಬೂಷ್ಟಿನ ದರ್ಬಾರು ಶುರು. ಕಪಾಟಿನ ತಳದಲ್ಲಿಟ್ಟ ಚರ್ಮದ ಬೆಲ್ಟು, ಮದುವೆ ಮುಂಜಿಗೆ ಮಾತ್ರ ಹೊರಬರುವ ಶೂ, ಹಳೆಯ ಕ್ಯಾಮರಾದ ಲೆನ್ಸು, ಕಾಲೇಜಿನ ದಿನಗಳಲ್ಲಿ ಕೊಂಡ ಪುಸ್ತಕಗಳ ಬೆನ್ನು, ಒಂದನ್ನೂ ಅದು ಬಿಡುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಮಂಗಳೂರು. ಜುಲೈಯಲ್ಲಿ ಗಾಳಿಯ ತೇವಾಂಶ ಶೇ 90ರ ಆಸುಪಾಸಿನಲ್ಲೇ ಇರುತ್ತದೆ. ಆ ತಿಂಗಳಲ್ಲಿ ಇಲ್ಲಿ ಒಣಬಟ್ಟೆ ಎಂಬುದೇ ಇಲ್ಲ. ಹೆಚ್ಚು ಒದ್ದೆಯದು, ಕಡಿಮೆ ಒದ್ದೆಯದು ಎಂದು ವಿಂಗಡಿಸಿ ಹಾಕಿಕೊಳ್ಳುವುದಷ್ಟೆ. ಬೂಷ್ಟಿನ ಪಟ್ಟಿಗೆ ಸೇರುವ ಇನ್ನೊಂದು ವಸ್ತು ಕೆಲವೇ ಮನೆಗಳಲ್ಲಿದೆ. ಅದು ತಂಬಾಕು ಸೇದುವ ಪೈಪ್.

ಬೀಡಿಯ ಜಿಲ್ಲೆಯಲ್ಲಿ ಪೈಪ್ ಎಲ್ಲಿಂದ ಬಂತು ಎಂದು ಕೇಳಬಹುದು. ಒಂದು ದಾರಿ ಸಮುದ್ರದ್ದು. ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ತೆರೆದ ಮೇಲೆ ಕೂಳೂರು, ಕಾವೂರು, ಕೊಂಚಾಡಿ, ದೇರೆಬೈಲ್ ಸುತ್ತ ಬಂದರಿನ ಕೆಲಸದವರು, ಹಡಗಿನ ಕೆಲಸದವರು ಮನೆ ಮಾಡಿದರು. ಇನ್ನೊಂದು ದಾರಿ ಘಟ್ಟದ್ದು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ದುಡಿದು ನಿವೃತ್ತರಾದವರು ಮಕ್ಕಳ ಓದಿಗೋ ಆಸ್ಪತ್ರೆಯ ಅನುಕೂಲಕ್ಕೋ ಮಂಗಳೂರಿಗೆ ಇಳಿದರು. ಅವರವರ ಟ್ರಂಕಿನಲ್ಲಿ ಪೈಪೂ ಇಳಿಯಿತು. ಈಗ ಸೇದುವವರು ಬೆರಳೆಣಿಕೆಯಷ್ಟು ಜನ. ಸೇದುವವರಿಗಿಂತ ಪೈಪುಗಳ ಸಂಖ್ಯೆಯೇ ಜಾಸ್ತಿ ಇದ್ದೀತು.

ನಾನು ಸೇದುವವನಲ್ಲ. ನಮ್ಮ ಷೋಕೇಸಿನಲ್ಲಿರುವ ಎರಡು ಪೈಪು ನನ್ನ ಹೆಂಡತಿಯ ಸೋದರಮಾವನವು. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರಾಗಿದ್ದವರು ಅವರು. ಊರಿಗೆ ಹೊರಟ ಮ್ಯಾನೇಜರೊಬ್ಬರು ಕೊಟ್ಟುಹೋದದ್ದಂತೆ. ಅವು ಬೂಷ್ಟು ಹಿಡಿದು ಬಿಳಿಚಿಕೊಂಡಾಗ ಏನು ಮಾಡುವುದೆಂದು ಕೇಳಲು ಹೋದದ್ದು ನಮ್ಮ ಓಣಿಯ ಕೊನೆಯ ಮನೆಗೆ. ಅಲ್ಲಿರುವ ಹಿರಿಯರು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು. ಓಣಿಗೆಲ್ಲ ಅವರು ಈಗಲೂ ಚೀಫ್. ಸಂಜೆ ಏಳರ ಮೇಲೆ ಸ್ವಂತ ಜಗಲಿಯಲ್ಲಿ, ಮೊಮ್ಮಕ್ಕಳು ಒಳಗೆ ಹೋದ ನಂತರ ಒಂದೇ ಒಂದು ಪೈಪ್ ಸೇದುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧಿಸಿದ ಮೇಲೆ ಪೈಪ್ ಹಿಡಿದು ಗೇಟು ದಾಟಿಲ್ಲ ಎನ್ನುತ್ತಾರೆ.

ಸೇದುವುದಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕು. ಆಮೇಲಿನ ಕೆಲಸಕ್ಕೂ ಹೆಚ್ಚುಕಡಿಮೆ ಅಷ್ಟೇ. ನನಗೆ ಕುತೂಹಲ ಹುಟ್ಟಿಸಿದ್ದು ಈ ಎರಡನೆಯ ಮುಕ್ಕಾಲು ಗಂಟೆ.

ಹೊಗೆ ಆರಿತೆಂದರೆ ಮೊದಲು ಅವರು ಏನೂ ಮಾಡುವುದಿಲ್ಲ. ಪೈಪನ್ನು ಸ್ಟೀಲ್ ಲೋಟವೊಂದರಲ್ಲಿ ಒರಗಿಸಿಟ್ಟು ಟಿ.ವಿ. ವಾರ್ತೆ ಕೇಳುತ್ತಾರೆ. ಬೌಲು, ಅಂದರೆ ತಂಬಾಕು ತುಂಬುವ ಬುರುಡೆ, ಪೂರಾ ತಣ್ಣಗಾಗಬೇಕು. ಬಾಯಿಗಿಡುವ ಸ್ಟೆಮ್ ಮರದ ಕುತ್ತಿಗೆಯೊಳಗೆ ಕೂತಿರುವುದು ತಿರುಪಿನಿಂದಲ್ಲ, ಬಿಗಿತದಿಂದ. ಬಿಸಿ ಮತ್ತು ತೇವಕ್ಕೆ ಮರ ಉಬ್ಬಿ ಸ್ಟೆಮ್ಮಿನ ತುದಿಯನ್ನು ಹಿಡಿದುಕೊಂಡಿರುತ್ತದೆ. ಆಗ ಎಳೆದರೆ ಕುತ್ತಿಗೆ ಸೀಳುತ್ತದೆ, ಇಲ್ಲವೇ ಸ್ಟೆಮ್ಮಿನ ತುದಿ ಒಳಗೇ ಮುರಿದು ಕೂರುತ್ತದೆ.

‘ಬಿಸಿ ಇರುವಾಗ ಎಳೀಲಿಕ್ಕುಂಟಾ ಮಾರಾಯ್ರೆ? ಕೈಗೆ ಬರ್ತದೆ, ಬರುದಿಲ್ಲ ಅಂತಲ್ಲ. ತುಂಡಾಗಿ ಬರ್ತದೆ.’

ತಣಿದ ಮೇಲೆ ಬೂದಿ ಸುರಿಯುತ್ತಾರೆ. ಬೌಲನ್ನು ಮೇಜಿನ ಅಂಚಿಗೋ ಗೋಡೆಗೋ ಕುಟ್ಟುವ ಸಿನಿಮಾ ಪದ್ಧತಿ ಅವರಿಗೆ ಆಗದು. ಅಂಗೈಗೆ ಕವುಚಿ ತಟ್ಟುತ್ತಾರೆ. ತಳದಲ್ಲಿ ಅರೆಬೆಂದ ಒದ್ದೆ ತಂಬಾಕು ಒಂದಿಷ್ಟು ಅಂಟಿಕೊಂಡಿರುತ್ತದೆ. ಅದನ್ನು ಚಪ್ಪಟೆ ಚಮಚದಂಥ ಉಪಕರಣದಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಬೂಷ್ಟು ಮೊದಲು ಹುಟ್ಟುವುದೇ ಈ ಅರೆಬೆಂದ ಸೊಪ್ಪಿನಲ್ಲಿ. ಒಂದು ರಾತ್ರಿ ಬಿಟ್ಟರೆ ಹುಳಿ ವಾಸನೆ, ನಾಲ್ಕು ದಿನ ಬಿಟ್ಟರೆ ಬೂದುಬಣ್ಣದ ತುಪ್ಪಳ. ಆಮೇಲೆ ಸ್ಟೆಮ್ಮನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ, ಅತ್ತಿತ್ತ ಅಲುಗಿಸದೆ ಹೊರತೆಗೆದು ಎರಡೂ ತುಂಡುಗಳ ತೂತಿನೊಳಗೆ ಕಡ್ಡಿ ಹಾಯಿಸುತ್ತಾರೆ.

ಈ ಕಡ್ಡಿಯದ್ದೇ ಒಂದು ಕಥೆ. ಹೊರದೇಶಗಳಲ್ಲಿ ಇದಕ್ಕೆಂದೇ ಪೈಪ್ ಕ್ಲೀನರ್ ಸಿಗುತ್ತದೆ: ತೆಳು ತಂತಿಗೆ ಹತ್ತಿಯ ಎಳೆ ಹೆಣೆದದ್ದು. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಅದೇ ಹೆಸರಿನಲ್ಲಿ ಕೊಡುವುದು ಶಾಲಾ ಮಕ್ಕಳ ಕ್ರಾಫ್ಟ್ ಕೆಲಸದ ಬಣ್ಣಬಣ್ಣದ ತಂತಿ. ಅದರ ತುಪ್ಪಳ ಪಾಲಿಯೆಸ್ಟರಿನದು, ಒಂದು ಹನಿ ನೀರನ್ನೂ ಹೀರದು. ಸ್ಪಿರಿಟಿನಲ್ಲಿ ಅದ್ದಿದರೆ ಬಣ್ಣ ಬೇರೆ ಬಿಡುತ್ತದೆ. ಹಡಗು ಬಿಟ್ಟು ಮನೆಗೆ ಬಂದ ಮೇಲೆ ಚೀಫ್ ಕಂಡುಕೊಂಡ ದಾರಿ ಹಿಡಿಸೂಡಿ ಕಡ್ಡಿ. ತೆಂಗಿನ ಗರಿಯ ಕಡ್ಡಿಯನ್ನು ಚೂರಿಯಿಂದ ಇನ್ನಷ್ಟು ಸವರಿ ನಯ ಮಾಡಿ, ದೇವರ ದೀಪಕ್ಕೆ ಬತ್ತಿ ಮಾಡುವ ಹತ್ತಿಯನ್ನು ತುದಿಗೆ ಬಿಗಿಯಾಗಿ ಹೊಸೆಯುವುದು. ಪೈಪಿನ ತೂತು ಮೂರು–ನಾಲ್ಕು ಮಿಲಿಮೀಟರ್ ಅಗಲ. ಕಡ್ಡಿ ಸಲೀಸಾಗಿ ಓಡುತ್ತದೆ. ತಂತಿಯಂತೆ ಬಗ್ಗುವುದಿಲ್ಲ ನಿಜ, ಆದ್ದರಿಂದ ಡೊಂಕು ಪೈಪಿಗೆ ಹಸಿ ಕಡ್ಡಿಯೇ ಬೇಕು. ಕಡ್ಡಿ ಹೊಸ ಹಿಡಿಸೂಡಿಯದೇ ಆಗಿರಬೇಕೆಂಬ ಷರತ್ತು ಅವರ ಹೆಂಡತಿಯದು.

ಮೊದಲ ಬತ್ತಿ ಹೊರಬರುವಾಗ ಕಪ್ಪುಗಂದು, ಡಾಂಬರಿನ ಹಾಗೆ ಜಿಗಟು. ಎರಡನೆಯದು ಕಾಫಿ ಬಣ್ಣ. ಮೂರನೆಯದು ಹಳದಿ. ನಾಲ್ಕನೆಯದನ್ನು ಹೊರತೆಗೆಯುವುದೇ ಇಲ್ಲ. ರಾತ್ರಿಯಿಡೀ ಒಳಗೇ ಬಿಟ್ಟು ಉಳಿದ ಪಸೆಯನ್ನು ಅದು ಹೀರಲಿ ಎಂದು ಪೈಪನ್ನು ಕಿಟಕಿಯ ಪಕ್ಕ ನಿಲ್ಲಿಸುತ್ತಾರೆ.

ಇಷ್ಟೊಂದು ನೀರು ಒಣ ಎಲೆಯಿಂದ ಹೇಗೆ ಬಂತು? ಯಾವ ಸೊಪ್ಪು ಉರಿದರೂ ಅದರ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾವಿಯಾಗುತ್ತದೆ. ಜೊತೆಗೆ ಪೈಪ್ ತಂಬಾಕನ್ನು ಪೂರಾ ಒಣಗಿಸಿ ಮಾರುವುದೇ ಇಲ್ಲ. ಪಸೆ ಉಳಿಸಿ ಡಬ್ಬಿ ಕಟ್ಟುತ್ತಾರೆ. ಬೌಲಿನಲ್ಲಿ ಕೆಂಡದ ಶಾಖದಲ್ಲಿದ್ದ ಈ ಆವಿ ಕುತ್ತಿಗೆಗೆ ಬರುವಷ್ಟರಲ್ಲಿ ತಣಿದು ಹನಿಯಾಗುತ್ತದೆ. ಟಾರ್, ನಿಕೋಟಿನ್, ಬೂದಿಯ ಕಣ ಎಲ್ಲವೂ ಆ ಹನಿಯೊಂದಿಗೆ ಸೇರಿ ತೂತಿನ ಗೋಡೆಗೆ ಹತ್ತುತ್ತವೆ. ಸೇದುವಾಗ ಗೊರಗೊರ ಸದ್ದು ಬಂದರೆ ಆ ನೀರು ಗಾಳಿಯ ದಾರಿಗೆ ಅಡ್ಡ ಬಂದಿದೆ ಎಂದೇ ಅರ್ಥ. ಡಬ್ಲಿನ್‌ನ ಚಾರ್ಲ್ಸ್ ಪೀಟರ್ಸನ್ ಎಂಬ ಕುಶಲಕರ್ಮಿ ಈ ನೀರಿಗೆಂದೇ ಕುತ್ತಿಗೆಯೊಳಗೆ ಪುಟ್ಟ ಗುಂಡಿಯೊಂದನ್ನು ಕೊರೆದು 1890ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ಎಷ್ಟೋ ಪೈಪುಗಳಿಗೆ ಇವತ್ತಿಗೂ ಆ ಗುಂಡಿ ಇದೆ. ಸೇದಿದ ಮೇಲೆ ಅದನ್ನು ಒರೆಸದೆ ಬಿಟ್ಟರೆ ಗುಂಡಿ ಇದ್ದೂ ಪ್ರಯೋಜನವಿಲ್ಲ.

ಪೈಪನ್ನು ಹೇಗೆ ನೋಡಿಕೊಳ್ಳಬೇಕೆಂದು ಬರೆದವರೆಲ್ಲ ಬಹುಪಾಲು ಯುರೋಪಿನವರು, ಅಮೆರಿಕದವರು. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಸಿ ಗಾಳಿಯನ್ನು ಒಣಗಿಸಿಕೊಳ್ಳುವವರು. ಅವರ ಬರಹದ ತುಂಬ ಕೆರೆಯುವುದು, ಉಜ್ಜುವುದು, ತೊಳೆಯುವುದು. ಒಣಗುವುದು ತನ್ನಷ್ಟಕ್ಕೆ ಆಗುತ್ತದೆ ಎಂದು ಅವರು ನಂಬಿದ್ದಾರೆ. ಅವರಿಗೆ ಆಗುತ್ತದೆ ಕೂಡ. ‘ಒಮ್ಮೆ ಸೇದಿದ ಪೈಪಿಗೆ ಒಂದು ದಿನ ವಿಶ್ರಾಂತಿ’ ಎಂಬುದು ಅಲ್ಲಿನ ಸೂತ್ರ. ಆ ಸೂತ್ರವನ್ನು ನಂಬಿ ಆಷಾಢದ ಮಂಗಳೂರಿನಲ್ಲಿ ಕೂತರೆ ಪೈಪಿನೊಳಗೆ ಅಣಬೆ ಬೆಳೆಯುತ್ತದೆ. ಇಲ್ಲಿ ಎಷ್ಟು ಚೆನ್ನಾಗಿ ತೊಳೆದಿರಿ ಎಂಬುದಕ್ಕಿಂತ ಎಷ್ಟು ಚೆನ್ನಾಗಿ ಒಣಗಿಸಿದಿರಿ ಎಂಬುದರ ಮೇಲೆ ಪೈಪಿನ ಆಯುಸ್ಸು ನಿಂತಿದೆ. ಚೀಫ್ ಮಳೆಗಾಲದಲ್ಲಿ ಒಂದು ಪೈಪನ್ನು ಮುಟ್ಟಿದರೆ ಮತ್ತೆ ಅದರ ಸರದಿ ವಾರದ ಮೇಲೆ. ಇಂಗ್ಲೆಂಡಿನ ತಯಾರಕರು ಒಂದು ಕಾಲಕ್ಕೆ ವಾರದ ಏಳು ದಿನಕ್ಕೆ ಏಳು ಪೈಪಿನ ಪೆಟ್ಟಿಗೆ ಮಾರುತ್ತಿದ್ದರು. ಅಲ್ಲಿ ಅದು ಶ್ರೀಮಂತರ ಶೋಕಿ. ದೇರೆಬೈಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಸರಿಯಾದ ಲೆಕ್ಕ.

ಪೈಪಿನ ಮರಕ್ಕೂ ಇಷ್ಟು ತೇವ ರೂಢಿಯಿಲ್ಲ. ಒಳ್ಳೆಯ ಪೈಪುಗಳು ಹೆಚ್ಚಾಗಿ ಬ್ರಯರ್ ಎಂಬ ಮೆಡಿಟರೇನಿಯನ್ ಪೊದೆಯ ಬುಡದ ಗಂಟಿನಿಂದ ಮಾಡಿದವು. ಇಟಲಿ, ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾದ ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಗಿಡ ಅದು. ಗಂಟನ್ನು ಅಗೆದು ತೆಗೆದು, ಗಂಟೆಗಟ್ಟಲೆ ಕುದಿಸಿ ರಸ ಇಳಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿದ ಮೇಲಷ್ಟೇ ಕೆತ್ತುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸೇಂಟ್ ಕ್ಲೋಡ್ ಎಂಬ ಪಟ್ಟಣ 19ನೇ ಶತಮಾನದಲ್ಲಿ ಈ ಕೆಲಸದಿಂದಲೇ ಹೆಸರಾಯಿತು. ಬೆಂಕಿಗೆ ಸುಲಭಕ್ಕೆ ಜಗ್ಗದಷ್ಟು ಗಟ್ಟಿ ಮರ, ಆದರೂ ಒಳಗೆ ತೇವ ಹೀರುವ ಗುಣ ಉಂಟು. ಆ ಗುಣಕ್ಕಾಗಿಯೇ ಅದನ್ನು ಆರಿಸಿದ್ದು. ಕರಾವಳಿಯಲ್ಲಿ ಅದೇ ಅದಕ್ಕೆ ಮುಳುವು. ನಮ್ಮ ಮನೆಗಳ ಹಲಸಿನ ಬಾಗಿಲು ಮಳೆಗಾಲದಲ್ಲಿ ಹಿಡಿದುಕೊಂಡು ಜನವರಿಯಲ್ಲಿ ಸಡಿಲವಾಗುವಂತೆ ಪೈಪಿನ ಸ್ಟೆಮ್ಮೂ ಋತುವಿಗೆ ತಕ್ಕಂತೆ ವರ್ತಿಸುತ್ತದೆ. ಬಿಗಿಯಾದರೆ ಸ್ಟೆಮ್ಮಿನ ತುದಿಗೆ ಪೆನ್ಸಿಲ್ ಸೀಸ ಉಜ್ಜುತ್ತಾರೆ, ಸಡಿಲವಾದರೆ ಜೇನುಮೇಣ ಸವರುತ್ತಾರೆ. ಮರವನ್ನು ಕೆರೆದು ತೂತು ದೊಡ್ಡದು ಮಾಡಿದವರು ಬೇಸಿಗೆಯಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ತಿಂಗಳಿಗೊಮ್ಮೆ ದೊಡ್ಡ ಶುದ್ಧಿ. ಅದಕ್ಕೆ ಆಲ್ಕೋಹಾಲ್ ಬೇಕು. ಟಾರ್ ನೀರಿಗೆ ಕರಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ಮೇಲಾಗಿ ಅದು ಬೇಗ ಆರಿಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪೀಠೋಪಕರಣದ ಪಾಲಿಶ್‌ಗೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪಿರಿಟಿನಲ್ಲಿ ಮೆಥನಾಲ್‌ನಂಥ ವಿಷ ಬೆರೆತಿರುತ್ತದೆ. ಬಾಯಿಗಿಡುವ ವಸ್ತುವಿಗೆ ಅದನ್ನು ತಾಗಿಸಬಾರದು. ಹಿಂದಿನವರು ರಮ್ಮನ್ನೋ ಬ್ರಾಂದಿಯನ್ನೋ ಬಳಸುತ್ತಿದ್ದರು. ಗೋವಾ ಹತ್ತಿರವಿರುವುದರಿಂದ ಗೋಡಂಬಿ ಫೆನ್ನಿ ಬಳಸುವವರೂ ಇದ್ದಾರೆ. ಅಲ್ಲೂ ಲೆಕ್ಕ ನೋಡಿ: ನಮ್ಮಲ್ಲಿ ಬಾಟ್ಲಿಯ ಮೇಲೆ ಬರೆದಿರುವುದು ಶೇ 42.8 ಆಲ್ಕೋಹಾಲ್. ಮಿಕ್ಕಿದ್ದೆಲ್ಲ ನೀರೇ. ಅಂದರೆ ಪೈಪ್ ತೊಳೆಯುವ ನೆಪದಲ್ಲಿ ಅರ್ಧಕ್ಕಿಂತ ಹೆಚ್ಚು ನೀರನ್ನೇ ಮರಕ್ಕೆ ಕುಡಿಸುತ್ತೇವೆ. ಆದ್ದರಿಂದ ರಮ್ ಶುದ್ಧಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಎಂಬುದು ಚೀಫ್ ಹಾಕಿಕೊಂಡ ನಿಯಮ. ‘ಮಳೆಗಾಲದಲ್ಲಿ ರಮ್ ಪೈಪಿಗಲ್ಲ, ನಮಗೆ’ ಎಂದು ನಗುತ್ತಾರೆ. ಅಷ್ಟರಲ್ಲಿ ಒಳಗಿನಿಂದ ‘ಎಂಥದು?’ ಎಂಬ ದನಿ ಕೇಳಿಸುತ್ತದೆ.

ಹಳೆಯ ಪದ್ಧತಿಯಲ್ಲಿ ಬೌಲಿಗೆ ಉಪ್ಪು ತುಂಬಿ ಮೇಲೆ ಆಲ್ಕೋಹಾಲ್ ಹನಿಸಿ ಒಂದು ರಾತ್ರಿ ಬಿಡುತ್ತಾರೆ. ಬೆಳಗಾಗುವಾಗ ಬಿಳಿ ಉಪ್ಪು ಕಂದಾಗಿರುತ್ತದೆ. ಟಾರ್ ಮೇಲೆ ಬಂದಿದೆ ಎಂದರ್ಥ. ಲಂಡನ್ನಿನಲ್ಲಿ ಇದು ಸರಿ. ಮಂಗಳೂರಿನ ಅಡುಗೆಮನೆಯಲ್ಲಿ ಮಳೆಗಾಲಕ್ಕೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಮರದ ರಂಧ್ರದಲ್ಲಿ ಒಂದು ಚಿಟಿಕೆ ಉಪ್ಪು ಉಳಿದರೂ ಅದು ಮಳೆಗಾಲವಿಡೀ ಗಾಳಿಯಿಂದ ತೇವ ಎಳೆಯುತ್ತಲೇ ಇರುತ್ತದೆ. ಉಪ್ಪಿನಿಂದ ಬೌಲು ಸೀಳಿತೆಂದು ದೂರುವವರು ಹೊರದೇಶದಲ್ಲೂ ಇದ್ದಾರೆ. ಉಪ್ಪಿನ ಬದಲು ಹತ್ತಿಯ ಉಂಡೆ ತುಂಬಿದರೆ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ.

ಬೌಲಿನ ಒಳಗೋಡೆಗೆ ಕಾಲಕ್ರಮದಲ್ಲಿ ಇದ್ದಿಲಿನ ಪದರ ಕಟ್ಟುತ್ತದೆ. ಸೇದುವವರು ಅದಕ್ಕೆ ಕೇಕ್ ಎನ್ನುತ್ತಾರೆ. ಅದು ಕೊಳೆಯಲ್ಲ, ಬೆಂಕಿಯಿಂದ ಮರವನ್ನು ಕಾಯುವುದೇ ಅದು. ಹೊಸ ಪೈಪಿಗೆ ಅದನ್ನು ಬೇಕೆಂದೇ ಬೆಳೆಸುತ್ತಾರೆ. ಆದರೆ ಒಂದೂವರೆ ಮಿಲಿಮೀಟರ್, ಹೆಚ್ಚೆಂದರೆ ಒಂದು ರೂಪಾಯಿ ನಾಣ್ಯದಷ್ಟು ದಪ್ಪ ಮಾತ್ರ ಇರಬೇಕು. ಅದಕ್ಕೂ ಮೀರಿದರೆ ಬಿಸಿಗೆ ಇದ್ದಿಲು ಒಂದು ಅಳತೆಯಲ್ಲಿ, ಮರ ಇನ್ನೊಂದು ಅಳತೆಯಲ್ಲಿ ಹಿಗ್ಗಿ ಬೌಲು ಸೀಳುತ್ತದೆ. ಕೆರೆಯಲು ರೀಮರ್ ಎಂಬ ಉಪಕರಣವಿದೆ. ಚೀಫ್ ಬಳಸುವುದು ಮೊಂಡು ತುದಿಯ ಹಳೆಯ ಬೆಣ್ಣೆಚೂರಿ, ಆಮೇಲೆ ಮರಳುಕಾಗದ ಸುತ್ತಿದ ಬೆರಳು. ಚೂಪು ಚೂರಿ ಹಾಕಿ ತಳದಲ್ಲಿ ಗುಳಿ ತೋಡಿದ ಪೈಪುಗಳನ್ನು ತೋರಿಸುತ್ತಾರೆ. ಗಾಳಿಯ ತೂತಿಗಿಂತ ತಳ ಕೆಳಗಿಳಿದರೆ ಆ ಗುಳಿಯಲ್ಲಿ ನೀರು ನಿಂತು ಮರ ಅಲ್ಲೇ ಕರಕಾಗುತ್ತದೆ.

ಇನ್ನು ಸ್ಟೆಮ್. ಹಳೆಯ ಪೈಪುಗಳಲ್ಲಿ ಅದು ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು ಮತ್ತು ತೇವ ಎರಡೂ ಸೇರಿದರೆ ಅದರೊಳಗಿನ ಗಂಧಕ ಮೇಲ್ಮೈಗೆ ಬಂದು ಕಪ್ಪು ಹೋಗಿ ಹಸಿರುಗಂದು ಹಿಡಿಯುತ್ತದೆ, ನಾಲಿಗೆಗೆ ಕಹಿ. ಹಾಗಾಗಿ ಒಣಗಿಸುವ ಆಸೆಯಿಂದ ಇಡೀ ಪೈಪನ್ನು ಅಂಗಳದ ಬಿಸಿಲಿಗಿಟ್ಟರೆ ಬೌಲು ಬದುಕಿ ಸ್ಟೆಮ್ ಸಾಯುತ್ತದೆ. ಎರಡನ್ನೂ ಬಿಡಿಸಿ ಬೌಲನ್ನು ಗಾಳಿಗೆ, ಸ್ಟೆಮ್ಮನ್ನು ನೆರಳಿಗೆ ಇಡಬೇಕು. ಹಸಿರು ಹಿಡಿದದ್ದನ್ನು ಕಾರಿನ ಪೇಂಟ್ ಕೆಲಸದವರು ಬಳಸುವ 1000, 2000 ನಂಬರಿನ ನೀರುಕಾಗದದಿಂದ ಉಜ್ಜಿ, ಟೂತ್‌ಪೇಸ್ಟಿನಿಂದ ಹೊಳಪು ಕೊಡಬಹುದು. ತಯಾರಕರ ಗುರುತಿದ್ದರೆ ಅದರ ಮೇಲೆ ಟೇಪು ಅಂಟಿಸಿಕೊಳ್ಳಬೇಕು. ಡನ್‌ಹಿಲ್ ಕಂಪೆನಿಯ ಬಿಳಿ ಚುಕ್ಕೆಯನ್ನೇ ನೋಡಿ. ಸ್ಟೆಮ್ಮಿನ ಯಾವ ಬದಿ ಮೇಲಕ್ಕಿರಬೇಕೆಂದು ತೋರಿಸಲು ಹಾಕಿದ ಆ ಚುಕ್ಕೆ ಈಗ ಪೈಪಿನ ಬೆಲೆಯನ್ನೇ ನಿರ್ಧರಿಸುತ್ತದೆ. ಅದು ಸವೆದರೆ ಬೆಲೆಯೂ ಸವೆಯಿತು. ಅಕ್ರಿಲಿಕ್ ಸ್ಟೆಮ್ಮಿಗೆ ಈ ರಗಳೆಯಿಲ್ಲ, ಆದರೆ ಹಲ್ಲಿಗೆ ಗಡಸು.

ನಮ್ಮವರಿಗೆ ಯಾವುದೇ ಮರ ಕಂಡರೂ ತೆಂಗಿನೆಣ್ಣೆ ಹಚ್ಚುವ ಚಪಲ. ಪೈಪಿಗೆ ಅದು ಬೇಡ. ವಾರದಲ್ಲಿ ಜಿಡ್ಡು, ತಿಂಗಳಲ್ಲಿ ಕಮಟು, ಸೇದುವವರು ಬಿಸಿ ಮಾಡಿದಾಗಂತೂ ಹಪ್ಪಳ ಕರಿದ ಬಾಣಲೆಯ ವಾಸನೆ. ಹೊರಮೈಗೆ ಜೇನುಮೇಣ ಸಾಕು. ಸಿಕ್ಕರೆ ಬ್ರೆಜಿಲಿನ ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ. ಹಳೆಯ ಮುಂಡಿನ ತುಂಡಿನಲ್ಲಿ ಉಜ್ಜಿದರೆ ಮರದ ನೆರಿಗೆಗಳು ಒಂದೊಂದಾಗಿ ಎದ್ದು ಬರುತ್ತವೆ. ಮುಸುಕಿನ ಜೋಳದ ದಿಂಡಿನ ಪೈಪುಗಳೂ ಇವೆ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತ ಬಂದಿದ್ದಾರೆ, ಜನರಲ್ ಮೆಕಾರ್ಥರ್ ಬಾಯಲ್ಲಿ ಪ್ರಸಿದ್ಧವಾದದ್ದು ಅದೇ. ನಮ್ಮ ಒಂದು ಮಳೆಗಾಲ ದಾಟಿಸುವುದೂ ಕಷ್ಟ. ಅದರ ಬಗ್ಗೆ ಹೆಚ್ಚು ಹೇಳಿ ಫಲವಿಲ್ಲ.

ಪೈಪನ್ನು ನಾವು ಬಿಳಿ ದೊರೆಗಳ ವಸ್ತು ಎಂದುಕೊಂಡಿದ್ದೇವೆ. ಮೊಗಲ್ ದರ್ಬಾರಿಗೆ ತಂಬಾಕಿನ ಪೈಪ್ ಹೋದದ್ದು ಮಾತ್ರ ಕನ್ನಡ ನಾಡಿನಿಂದ. ಆದಿಲ್‌ಶಾಹಿ ರಾಜಕುಮಾರಿಯನ್ನು ಶಹಜಾದೆ ದಾನಿಯಾಲನಿಗೆ ತರುವ ಕೆಲಸದ ಮೇಲೆ 17ನೇ ಶತಮಾನದ ಆರಂಭದಲ್ಲಿ ವಿಜಯಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಇಲ್ಲಿ ಮೊದಲ ಬಾರಿಗೆ ತಂಬಾಕು ಕಂಡ. ಇಷ್ಟವಾಗಿ ಒಂದಿಷ್ಟು ಕೊಂಡು, ಚೆಂದದ ಪೈಪೊಂದನ್ನು ಮಾಡಿಸಿ ಬಾದಶಹನಿಗೆ ಒಪ್ಪಿಸಿದ. ಅದರ ಕೊಳವೆ ಮೂರು ಮೊಳ ಉದ್ದ, ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ, ಬಾಯಿಗಿಡುವಲ್ಲಿ ಯೆಮನ್ ದೇಶದ ಕೆಂಪು ಅಕೀಕ ಕಲ್ಲು ಎಂದು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಎರಡು ಮೂರು ಸಲ ಎಳೆಯುವಷ್ಟರಲ್ಲಿ ವೈದ್ಯರು ಗಾಬರಿಯಾಗಿ ತಡೆದರು. ಬಾದಶಹ ರೂಢಿ ಮಾಡಿಕೊಳ್ಳಲಿಲ್ಲ, ಸರದಾರರು ಮಾಡಿಕೊಂಡರು. ಜಹಾಂಗೀರ್ 1617ರಲ್ಲಿ ನಿಷೇಧಿಸಿ ನೋಡಿದ, ನಡೆಯಲಿಲ್ಲ.

ಮೂರು ಮೊಳದ ಕೊಳವೆ ಹೊಗೆಯನ್ನು ತಣಿಸುತ್ತದೆ. ಅಷ್ಟುದ್ದಕ್ಕೂ ಹನಿ ಕಟ್ಟುತ್ತದೆ ಕೂಡ. ಅದನ್ನು ಶುಚಿ ಮಾಡುವ ಕೆಲಸ ಸೇದುವವನದಾಗಿರಲಿಲ್ಲ. ಮುಂದೆ ಹುಕ್ಕಾ ಮೆರೆದ ಕಾಲದಲ್ಲಿ ನೀರು ಬದಲಿಸಿ, ನಳಿಗೆ ತೊಳೆದು, ಕೆಂಡ ಇಡುವುದಕ್ಕೆಂದೇ ಹುಕ್ಕಾಬರದಾರ ಎಂಬ ಆಳು ಇರುತ್ತಿದ್ದ. ಕಲ್ಕತ್ತೆಯಲ್ಲಿ 1779ರಲ್ಲಿ ಹೇಸ್ಟಿಂಗ್ಸ್ ದಂಪತಿ ಕೊಟ್ಟ ಔತಣದ ಆಹ್ವಾನ ಪತ್ರಿಕೆಯಲ್ಲಿ, ಹುಕ್ಕಾಬರದಾರನೊಬ್ಬನ ಹೊರತು ಬೇರೆ ಆಳುಗಳನ್ನು ಕರೆತರಬೇಡಿ ಎಂಬ ವಿನಂತಿಯಿತ್ತು. ಇವತ್ತಿಗೆ ಆ ಹುಕ್ಕಾವೂ ಇಲ್ಲ; ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹುಕ್ಕಾ ಮಾರಾಟ, ಸೇವನೆ ಎರಡನ್ನೂ ನಿಷೇಧಿಸಿತು.

ಆಳಿಲ್ಲದವರು ಬೆಂಕಿಯನ್ನೇ ಆಳು ಮಾಡಿಕೊಂಡರು. ಮಣ್ಣಿನ ಪೈಪಿನ ಕಾಲದಲ್ಲಿ ಇಂಗ್ಲೆಂಡಿನ ಛತ್ರಗಳಲ್ಲಿ ಕೊಳಕು ಪೈಪುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿ ಒಲೆಗೆ ಹಾಕುತ್ತಿದ್ದರು. ಟಾರ್ ಉರಿದುಹೋಗಿ ಪೈಪು ಮತ್ತೆ ಬೆಳ್ಳಗೆ. ನಮ್ಮ ಸಾಧುಗಳ ಮಣ್ಣಿನ ಚಿಲುಮೆಗೆ ಬಟ್ಟೆಯ ಪಟ್ಟಿಯೇ ಸಾಧನ. ಪಟ್ಟಿಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಇನ್ನೊಂದನ್ನು ಕೈಯಲ್ಲಿ ಬಿಗಿಹಿಡಿದು, ನಡುವೆ ಚಿಲುಮೆಯನ್ನು ಹಿಂದೆ ಮುಂದೆ ಜಾರಿಸುತ್ತಾರೆ. ಮೂರ್ನಾಲ್ಕು ಸಲ ಜಾರಿಸುವಷ್ಟರಲ್ಲಿ ಒಳಗೆಲ್ಲ ನಯ. ಪೈಪ್ ಶುಚಿ ಮಾಡುವ ಇಷ್ಟು ಚುರುಕಾದ ವಿಧಾನವನ್ನು ಯಾವ ಯುರೋಪಿನ ಕಂಪೆನಿಯೂ ಕಂಡುಹಿಡಿದಂತಿಲ್ಲ.

ದೇರೆಬೈಲಿನ ಸುತ್ತಮುತ್ತ ತಂಬಾಕು ಎಂದರೆ ಬೀಡಿಯೇ. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಿ, ಸಂಜೆಗೆ ಬ್ರಾಂಚಿಗೆ ಒಯ್ಯುವ ಹೆಂಗಸರ ದುಡಿಮೆಯಲ್ಲಿ ಈ ಜಿಲ್ಲೆಯ ಎಷ್ಟೋ ಮಕ್ಕಳು ಓದಿದ್ದಾರೆ. ಎಲೆ ಮಧ್ಯಭಾರತದ ಕಾಡಿನದು, ಸೊಪ್ಪು ನಿಪ್ಪಾಣಿಯದೋ ಗುಜರಾತಿನದೋ. ಬೀಡಿಯಲ್ಲಿ ಶುಚಿ ಮಾಡುವ ಪ್ರಶ್ನೆಯೇ ಇಲ್ಲ. ಸೇದಿ ಎಸೆದರೆ ಮುಗಿಯಿತು. ತೇವದ ಕಾಟ ಮಾತ್ರ ಅಲ್ಲೂ ತಪ್ಪಿದ್ದಲ್ಲ. ಕಟ್ಟಿದ ಬೀಡಿಯನ್ನು ಕಂಪೆನಿಯವರು ಬಿಸಿಗಿಟ್ಟು ಪಸೆ ಆರಿಸಿಯೇ ಕಟ್ಟು ಮಾಡುವುದು. ಹಳೆಯ ಹಂಚಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವೊಂದು ವರ್ಷವಿಡೀ ಒಣಗಿರುತ್ತಿತ್ತು. ಒಣಮೀನು, ಪುನರ್ಪುಳಿಯ ಸಿಪ್ಪೆ, ಬಿತ್ತನೆ ಬೀಜ ಎಲ್ಲಕ್ಕೂ ಅದೇ ಜಾಗ. ತಾರಸಿ ಮನೆ ಬಂತು, ಗ್ಯಾಸ್ ಬಂತು, ಅಟ್ಟ ಹೋಯಿತು. ಅಪಾರ್ಟ್‌ಮೆಂಟಿನ ಕಪಾಟುಗಳಲ್ಲಿ ಬೂಷ್ಟು ಜಾಸ್ತಿಯಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ.

ಈಗ ಅಟ್ಟದ ಕೆಲಸ ಮಾಡುವುದು ಸಿಲಿಕಾ ಜೆಲ್. ಶೂ ಪೆಟ್ಟಿಗೆಯಲ್ಲಿ ಬಂದ ಪುಟ್ಟ ಪೊಟ್ಟಣಗಳನ್ನು ಹಾಗೇ ಹಾಕಿದರೆ ಪ್ರಯೋಜನ ಕಡಿಮೆ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲೇ ಅವು ಹೊಟ್ಟೆತುಂಬ ತೇವ ಕುಡಿದಿರುತ್ತವೆ. ಬಣ್ಣ ಬದಲಿಸುವ ಹರಳು ಒಳ್ಳೆಯದು: ತೇವ ತುಂಬಿದಾಗ ನೀಲಿಯದು ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಬಿಸಿ ಮಾಡಿ ನೀರು ಹೋಗಲಾಡಿಸಿದರೆ ಮತ್ತೆ ಮೊದಲಿನಂತೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ದೋಸೆ ಕಾವಲಿಯಲ್ಲಿ ಹುರಿಯಬಾರದು. ಚರ್ಮದ ಚೀಲ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ ಎರಡೂ ಮಳೆಗಾಲದಲ್ಲಿ ಪೈಪಿಗೆ ವೈರಿ. ಬೂಷ್ಟು ಬಂದೇಬಿಟ್ಟರೆ ಹೊರಗೆ ಗಾಳಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ, ಆಲ್ಕೋಹಾಲಿನ ಹತ್ತಿ ಹಾಯಿಸಿ, ಒಣಹವೆ ಬರುವವರೆಗೆ ಬಿಡಿಬಿಡಿಯಾಗಿಯೇ ಇಡಬೇಕು.

ಕೆರೆದು ತೆಗೆದ ಕೊಳೆಯನ್ನು ಎಲ್ಲಿ ಹಾಕುವುದು ಎಂಬುದೂ ಯೋಚಿಸಬೇಕಾದದ್ದೇ. ಆ ಕಂದು ರಸದಲ್ಲಿ ನಿಕೋಟಿನ್ ಇದೆ. ಹೊಗೆಸೊಪ್ಪಿನ ಕಷಾಯವನ್ನು ನಮ್ಮ ತೋಟದವರು ಹೇನಿನ ಕಾಟಕ್ಕೆ ಗಿಡಗಳ ಮೇಲೆ ಚಿಮುಕಿಸುತ್ತಿದ್ದದ್ದು ಅದು ವಿಷ ಎಂಬ ಕಾರಣಕ್ಕೇ. ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗಬಾರದು. ತಂಬಾಕಿನ ಪುಡಿಯನ್ನು ಗೊಬ್ಬರವೆಂದು ಮೆಣಸು, ಟೊಮೆಟೊ ಗಿಡದ ಬುಡಕ್ಕೂ ಹಾಕಬಾರದು. ಅವೆಲ್ಲ ಒಂದೇ ಕುಟುಂಬದ ಗಿಡಗಳು, ಒಣಸೊಪ್ಪಿನಲ್ಲಿ ಉಳಿದಿರುವ ಮೊಸಾಯಿಕ್ ವೈರಸ್ ಅವಕ್ಕೂ ಅಂಟಿಕೊಳ್ಳುತ್ತದೆ.

ಇಷ್ಟೆಲ್ಲ ಶುಚಿ ಮಾಡಿದರೆ ಸೇದುವುದು ಸುರಕ್ಷಿತವೇ? ಅಲ್ಲ. ಪೈಪ್ ಸೇದುವವರು ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ ಎಂಬುದು ಹಳೆಯ ಸಮರ್ಥನೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕದಿಂದ ಅವರನ್ನು ಯಾರೂ ಹೊರಗಿಟ್ಟಿಲ್ಲ. ತುಟಿಯ ಕ್ಯಾನ್ಸರ್ ಪೈಪ್ ಸೇದುವವರಲ್ಲೇ ಹೆಚ್ಚು ಎಂದು ಜರ್ಮನಿಯ ವೈದ್ಯ ಜೋಮರಿಂಗ್ 1795ರಷ್ಟು ಹಿಂದೆಯೇ ಬರೆದ. ಚೀಫ್ ಇದನ್ನು ವಾದಿಸುವುದಿಲ್ಲ. ಮೊದಲ ಬತ್ತಿಯನ್ನು ಬೆಳಕಿಗೆ ಹಿಡಿದು, ‘ಇಷ್ಟು ಪೈಪಿನಲ್ಲಿ ಉಳಿದದ್ದು. ಮಿಕ್ಕದ್ದು ಎಲ್ಲಿ ಹೋಯ್ತು ಅಂತ ಡಾಕ್ಟರು ಕೇಳ್ತಾರೆ’ ಎಂದು ಬತ್ತಿಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತಾರೆ.

ನಮ್ಮ ಮನೆಯ ಎರಡು ಪೈಪುಗಳನ್ನು ಅವರು ಹೇಳಿದಂತೆ ಬಿಡಿಸಿದೆವು. ಒಂದರ ಸ್ಟೆಮ್ ಅಲುಗಲೇ ಇಲ್ಲ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟ ಮೇಲೆ ಸುಮ್ಮನೆ ಬಿಟ್ಟುಕೊಟ್ಟಿತು. ರಬ್ಬರು ಚಳಿಗೆ ಮರಕ್ಕಿಂತ ಬೇಗ ಕುಗ್ಗುತ್ತದೆ. ಹೊರಗಿನ ಬೂಷ್ಟು ಒರೆಸಿ, ಸ್ಟೆಮ್ಮುಗಳ ಹಸಿರು ತೆಗೆದು, ಇನ್ನು ಬೌಲಿನೊಳಗೆ ಕೈಹಾಕಬೇಕು ಎನ್ನುವಾಗ ಅತ್ತೆ, ಅಂದರೆ ಆ ಸೋದರಮಾವನ ಹೆಂಡತಿ, ಕಾರ್ಕಳದಿಂದ ಬಂದಿದ್ದವರು, ತಡೆದರು.

‘ಅದನ್ನು ಕೆರೀಬೇಡಿ. ಅವರ ವಾಸನೆ ಉಂಟು ಅದರಲ್ಲಿ.’

ಬದುಕಿದ್ದಾಗ ಆ ವಾಸನೆಗೇ ಅವರಿಬ್ಬರಿಗೂ ಜಗಳವಾಗುತ್ತಿತ್ತೆಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ಕೇಕ್ ಹಾಗೇ ಉಳಿಯಿತು. ಸ್ಪಿರಿಟ್ ಮುಟ್ಟಿಸಲಿಲ್ಲ, ಒಣಗಿಸಿದ್ದಷ್ಟೆ. ಚೀಫ್‌ಗೆ ಇದನ್ನು ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ.

‘ಕೇಕ್ ಅಷ್ಟು ದಪ್ಪ ಬಿಟ್ರೆ ಬೌಲ್ ಸೀಳ್ತದೆ.’

ಸೇದುವವರೇ ಇಲ್ಲದ ಮೇಲೆ ಬಿಸಿಯೆಲ್ಲಿಂದ ಬರಬೇಕು, ಸೀಳುವುದೆಲ್ಲಿ ಎಂದೆ. ಸ್ವಲ್ಪ ಹೊತ್ತು ಪೈಪನ್ನು ತಿರುಗಿಸಿ ನೋಡಿದರು. ‘ಅದೂ ಹೌದು. ಜೆಲ್ ಮಾತ್ರ ತಿಂಗಳಿಗೊಮ್ಮೆ ಬಿಸಿ ಮಾಡಿ ಹಾಕಿ, ಆಯ್ತಾ?’ ಎಂದರು.